ಕೊಸರಿನ ಗೆರೆಗಳು

ಅಫಜಲಪುರದ ಲೈಬ್ರರಿಗೆ ಕೆಲಸಕ್ಕೆ ಬರುವ ಮುಂಚೆ ಭಾಗಮ್ಮ ಹದಿನೇಳು ವರ್ಷ ಚೌಡಾಪುರದ ಕ್ರಾಸಿನಲ್ಲಿ ಕೂತು ಹಣ್ಣು ಮಾರಿದವಳು. ಗಾಣಗಾಪುರಕ್ಕೆ ಹೊರಟ ಬಸ್ಸು, ಜೀಪು, ಎತ್ತಿನ ಬಂಡಿ ಎಲ್ಲವೂ ಅಲ್ಲಿ ಒಂದು ಗಳಿಗೆ ನಿಂತೇ ಮುಂದಕ್ಕೆ ಹೋಗುತ್ತಿದ್ದವು. ನಿಂತಲ್ಲಿಗೆ ಇವಳ ಬುಟ್ಟಿ. ಸೀತಾಫಲದ ಕಾಲಕ್ಕೆ ಸೀತಾಫಲ, ಬಾರೆಹಣ್ಣಿನ ಕಾಲಕ್ಕೆ ಬಾರೆಹಣ್ಣು, ಎರಡೂ ಮುಗಿದ ಮೇಲೆ ಹುರಿದ ಶೇಂಗಾ. ಡಬ್ಬಿಯಿಂದ ಅಳೆದು ಗಿರಾಕಿಯ ಟವೆಲ್ಲಿಗೆ ಸುರಿದಾದ ಮೇಲೆ ಬುಟ್ಟಿಯಿಂದ ಇನ್ನೊಂದು ಮುಷ್ಟಿ ತೆಗೆದು ಮೇಲೆ ಹಾಕಬೇಕು. ಅದು ಕೊಸರು. ಬೇರೆಯವರು ಗಿರಾಕಿ ಕೇಳಿದರೆ ಹಾಕುತ್ತಿದ್ದರು. ಭಾಗಮ್ಮ ಕೇಳುವ ಮುಂಚೆಯೇ ಹಾಕುತ್ತಿದ್ದಳು. ಕೊಸರಿಲ್ಲದೆ ಅಳೆದು ಕೊಟ್ಟರೆ ಅಳೆದಂತೆಯೇ ಆಗಲಿಲ್ಲ ಎಂದು ಅವಳ ಅತ್ತೆ ಕಲಿಸಿದ್ದಳು. ಅದು ಕೈಗೆ ಹತ್ತಿದ ಮೇಲೆ ಬಿಡಲಿಲ್ಲ. ಮನೆಯಲ್ಲಿ ರೊಟ್ಟಿಗೆ ಹಿಟ್ಟು ತೆಗೆದರೂ ಕೊನೆಗೊಂದು ಚಿಟಿಕೆ ಮೇಲೆ ಬೀಳಲೇಬೇಕು.

ಅಕ್ಷರ ಅವಳಿಗೆ ಬಂದದ್ದು ಮೂವತ್ತನಾಲ್ಕನೆಯ ವಯಸ್ಸಿಗೆ. ಚೌಡಾಪುರದ ಶಾಲೆಯಲ್ಲಿ ದೌಲತರಾಯ ಮಾಸ್ತರರು ದೊಡ್ಡವರಿಗಾಗಿ ರಾತ್ರಿ ಸಾಲೆ ನಡೆಸುತ್ತಿದ್ದರು. ಹೊಲದಿಂದ, ಕ್ರಾಸಿನಿಂದ ಬಂದವರು ಕೈಕಾಲು ತೊಳೆದು ಗೋಣಿತಟ್ಟಿನ ಮೇಲೆ ಕೂತರೆ ಅರ್ಧ ಜನ ಅಲ್ಲೇ ತೂಕಡಿಸುತ್ತಿದ್ದರು. ಮಾಸ್ತರರು ಎಬ್ಬಿಸುತ್ತಿರಲಿಲ್ಲ. ಎದ್ದವರಿಗೆ ಪಾಠ, ಮಲಗಿದವರಿಗೆ ನಿದ್ದೆ, ಎರಡೂ ಬೇಕಾದವೇ ಎನ್ನುತ್ತಿದ್ದರು. ಭಾಗಮ್ಮ ಒಂದು ಅಕ್ಷರಕ್ಕೆ ಒಂದು ವಾರ ತೆಗೆದುಕೊಂಡರೂ ಅವರಿಗೆ ಅವಸರವಿಲ್ಲ. ಏಳು ವರ್ಷ ಹಾಗೆ ಕಲಿತು, ಅವಳು ನಲವತ್ತೊಂದನೆಯ ವಯಸ್ಸಿಗೆ ಏಳನೆಯ ಇಯತ್ತೆಯ ಪರೀಕ್ಷೆ ಪಾಸಾದಳು. ಆ ಸರ್ಟಿಫಿಕೇಟಿನ ಮೇಲೆಯೇ ಲೈಬ್ರರಿಯ ಕೆಲಸ ಸಿಕ್ಕಿತು: ಕಸ ಹೊಡೆಯುವುದು, ಪೇಪರು ಕೋಲಿಗೆ ಸಿಕ್ಕಿಸುವುದು, ಓದಿ ಬಿಟ್ಟ ಪುಸ್ತಕ ಅದರದರ ಜಾಗಕ್ಕೆ ಇಡುವುದು. ಇಡುವ ಮುಂಚೆ ಒಂದೆರಡು ಪುಟ ಓದಿಯೇ ಇಡುವುದು ಅವಳ ಪದ್ಧತಿ. ಲೈಬ್ರರಿಯನ್ ಲಾಡ್ಲೆಸಾಬರು ಆಳಂದದವರು, ಸಮಾಧಾನದ ಮನುಷ್ಯ. ಪುಸ್ತಕ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಭಾಗಮ್ಮನ ಕಡೆ ಗದ್ದ ಎತ್ತಿ ತೋರಿಸುತ್ತಿದ್ದರು.

ತೊಂಬತ್ತೊಂದನೆಯ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಆ ಲೈಬ್ರರಿಗೆ ಅಮೃತ ಎನ್ನುವ ಹುಡುಗಿ ಬಂದಳು. ಹಿರೋಳ್ಳಿಯ ಒಕ್ಕಲುತನದ ಮನೆಯವಳು, ಗುಲ್ಬರ್ಗದಲ್ಲಿ ಎಂ.ಫಿಲ್. ಮಾಡುತ್ತಿದ್ದವಳು. ಹೆಗಲಿಗೊಂದು ಚೀಲ, ಚೀಲದ ತುಂಬ ಖಾಲಿ ಕಾರ್ಡು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿಗೆ ಬಂದುಹೋಗುವ ಯಾತ್ರಿಕರ ಬಗ್ಗೆ, ಪ್ರವಾಸದ ಬಗ್ಗೆ ತೊಂಬತ್ತನೆಯ ಇಸವಿಯ ಕೊನೆಯವರೆಗೆ ಅಚ್ಚಾದ ಬರಹವೆಲ್ಲ ತನಗೆ ಬೇಕು ಎಂದಳು. ವಾರಪತ್ರಿಕೆಯ ಲೇಖನ, ಸ್ಮರಣ ಸಂಚಿಕೆ, ಸರಕಾರಿ ವರದಿ, ಕಾಲೇಜಿನ ಮಾಸಿಕ, ಯಾವುದನ್ನೂ ಬಿಡುವ ಹಾಗಿಲ್ಲ. ಯಾತ್ರಿಕರ ಬಗ್ಗೆ ಬರೆಯಲಿಕ್ಕೇನು ಎಂದು ಲಾಡ್ಲೆಸಾಬರು ಕೇಳಿದರೆ, ಬರೆಯಲಿಕ್ಕಲ್ಲ, ಆ ಬರಹಗಳನ್ನು ಎಣಿಸಲಿಕ್ಕೆ ಎಂದಳು. ಅದಕ್ಕೆ ಗ್ರಂಥಮಿತಿ ಎನ್ನುತ್ತಾರಂತೆ. ಯಾರು ಬರೆದರು, ಯಾವ ವರ್ಷ ಬರೆದರು, ಬರೆಯುವಾಗ ಯಾರ ಹೆಸರು ಹೇಳಿ ಅವರ ಮಾತು ನೆಚ್ಚಿಕೊಂಡರು ಎಂದು ಒಂದೊಂದಾಗಿ ಎಣಿಸಿ ಕೋಷ್ಟಕ ಮಾಡಬೇಕು.

ಸಾಬರು ಎಲೆಯ ರಸ ಉಗುಳಿ ಬಂದು ಭಾಗಮ್ಮನಿಗೆ ಹೇಳಿದರು.

“ಮಂದಿ ಯಾತ್ರಿಕರನ್ನ ಎಣಿಸ್ತಾರ ಭಾಗವ್ವ. ಈ ಹುಡುಗಿ ಎಣಿಸಿದವರನ್ನ ಎಣಿಸಾಕ ಬಂದಾಳ. ನಾಳೆ ಇಕಿನ್ನ ಎಣಿಸವ್ರು ಒಬ್ರು ಬರ್ತಾರ ನೋಡು.”

ಅಮೃತ ನಕ್ಕಳು. ಆದರೆ ಭಾಗಮ್ಮನಿಗೆ ಅದು ನಗುವ ಸಂಗತಿಯಾಗಿ ಕಾಣಲಿಲ್ಲ. ಹೆಸರು ಎಣಿಸಿದರೆ ಏನು ತಿಳಿಯುತ್ತದೆ ಎಂದು ಕೇಳಿದಳು. ಅಮೃತಳಿಗೆ ಆ ಪ್ರಶ್ನೆ ಹಿಡಿಸಿತು. ಗುಲ್ಬರ್ಗದಲ್ಲಿ ಅದನ್ನು ಯಾರೂ ಅಷ್ಟು ನೆಟ್ಟಗೆ ಕೇಳಿರಲಿಲ್ಲ.

“ಊರಾಗ ಹತ್ತು ಬಾವಿ ಅದಾವ ಅಂತ ತಿಳಿ, ಆಯಿ. ಯಾವ ಬಾವಿಗಿ ಎಷ್ಟು ಕೊಡ ಇಳೀತಾವ ಅಂತ ಎಣಿಸಿದ್ರ ಊರು ಯಾವುದರ ಮ್ಯಾಲ ನಿಂತದ ಅಂತ ಗೊತ್ತಾಗ್ತದ. ನೀರು ಸಿಹಿ ಅದನೋ ಸವಳು ಅದನೋ, ಅದು ಎಣಿಕೀಲೆ ತಿಳೀಂಗಿಲ್ಲ. ಅದಕ್ಕ ಕುಡದೇ ನೋಡಬೇಕು.”

ಗಡಿಯ ಕಡೆಯ ಹುಡುಗಿಯಾದ್ದರಿಂದ ಮರಾಠಿಯವರು ತಾಯಿಗೆ ಅನ್ನುವ ಹಾಗೆ ಆಯಿ ಎನ್ನುತ್ತಿದ್ದಳು. ಮೊದಲ ದಿನವೇ ಹಾಗೆ ಕರೆಸಿಕೊಂಡದ್ದಕ್ಕೋ ಏನೋ, ಭಾಗಮ್ಮ ಆ ಹೊತ್ತಿನಿಂದ ಅವಳ ಕೆಲಸವನ್ನು ತನ್ನ ಕೆಲಸವೆಂದೇ ಹಿಡಿದಳು.

ಸೋಮವಾರ, ಗುರುವಾರ ಅಮೃತ ಬಸ್ಸಿಗೆ ಬರುವಳು. ಉಳಿದ ದಿನ ಭಾಗಮ್ಮ ಕಪಾಟು ಹುಡುಕಿ, ದೂಳು ಒರೆಸಿ, ಸಿಕ್ಕಿದ ಬರಹಕ್ಕೆ ಚೀಟಿ ಇಟ್ಟಿರುವಳು. ಆಳಂದದಿಂದ, ಜೇವರ್ಗಿಯಿಂದ ಅಮೃತ ತಾನೇ ಒಂದಷ್ಟು ತಂದಳು. ಎರಡು ತಿಂಗಳಿಗೆ ನೂರಾ ಅರವತ್ತನಾಲ್ಕು ಬರಹ ಕೂಡಿದವು. ಬರೆದವರು ತೊಂಬತ್ತಮೂರು ಮಂದಿ. ಇನ್ನು ಎಣಿಕೆ. ಅದಕ್ಕೆ ಅಮೃತ ಎರಡು ದಾರಿ ಮಾಡಿದಳು. ಒಂದೊಂದು ಬರಹದಲ್ಲಿ ಈ ತೊಂಬತ್ತಮೂರು ಮಂದಿಯ ಪೈಕಿ ಎಷ್ಟು ಹೆಸರು ಬಂದಿವೆ ಎಂದು ಅವಳು ತನ್ನ ವಹಿಯಲ್ಲಿ ಬರೆದುಕೊಳ್ಳುವುದು. ಒಬ್ಬೊಬ್ಬ ಬರಹಗಾರನಿಗೆ ಒಂದೊಂದು ಕಾರ್ಡು ಮಾಡಿ, ಅವನ ಹೆಸರನ್ನು ಬೇರೆಯವರು ಹೇಳಿದಾಗೊಮ್ಮೆ ಒಂದು ಗೆರೆ ಎಳೆಯುವುದು ಭಾಗಮ್ಮ. ಕೊನೆಗೆ ಎರಡೂ ಮೊತ್ತ ಒಂದೇ ಬಂದರೆ ಕೆಲಸ ಬರೋಬ್ಬರಿ.

ಭಾಗಮ್ಮನ ಅಕ್ಷರ ದುಂಡಗಿತ್ತು, ಗೆರೆ ಕಡ್ಡಿಯಂತೆ ನೆಟ್ಟಗಿತ್ತು. ನಾಲ್ಕು ಗೆರೆ ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆದು ಕಟ್ಟು ಮಾಡುವುದನ್ನು ಅಮೃತ ಒಮ್ಮೆ ತೋರಿಸಿದಳು, ಸಾಕಾಯಿತು. ಸರಕಾರಿ ವರದಿ ಬರೆದ ಒಬ್ಬ ಅಧಿಕಾರಿಯ ಕಾರ್ಡು ಎರಡೂ ಬದಿ ತುಂಬಿ ಇನ್ನೊಂದು ಕಾರ್ಡು ಹಚ್ಚಬೇಕಾಯಿತು. ಕೆಲವರಿಗೆ ಹತ್ತು, ಕೆಲವರಿಗೆ ಎರಡು. ಇನ್ನು ಕೆಲವು ಕಾರ್ಡಿನ ಮೇಲೆ ಹೆಸರು ಬಿಟ್ಟರೆ ಏನೂ ಇಲ್ಲ. ಆಳಂದದ ದರ್ಗಾಕ್ಕೆ ಬರುವ ಹೆಂಗಸರು ಕಟ್ಟಿಕೊಂಡು ಬರುವ ಬುತ್ತಿಯ ಬಗ್ಗೆ ಪ್ಯಾರಿಬಿ ಎನ್ನುವ ಟೀಚರು ಎಷ್ಟು ಚಂದ ಬರೆದಿದ್ದಳು. ಓದಿದರೆ ಸಜ್ಜಕದ ವಾಸನೆಯೇ ಬರುತ್ತಿತ್ತು. ಅವಳ ಹೆಸರನ್ನು ಹೇಳಿದ ಒಂದು ಪ್ರಾಣಿಯೂ ಇರಲಿಲ್ಲ.

ಆ ಖಾಲಿ ಗುಂಪಿನಲ್ಲಿಯೇ ದೌಲತರಾಯ ಮಾಸ್ತರರ ಕಾರ್ಡು ಇತ್ತು.

ಎಪ್ಪತ್ತಾರನೆಯ ಇಸವಿಯಲ್ಲಿ ಒಂದು ಜಿಲ್ಲಾ ವಾರಪತ್ರಿಕೆಯಲ್ಲಿ ‘ಚೌಡಾಪುರದ ದಾರಿಯ ಬಂಡಿಗಳು’ ಎಂದು ಅವರು ಬರೆದಿದ್ದರು. ಆ ಪುಟ ಸಿಕ್ಕ ದಿನ ಭಾಗಮ್ಮ ಕಸಬರಿಗೆ ಗೋಡೆಗೊರಗಿಸಿ ನಿಂತಲ್ಲೇ ಎರಡು ಸಲ ಓದಿದ್ದಳು. ನೂರಾ ಅರವತ್ತನಾಲ್ಕು ಬರಹ ಮುಗಿಯುವವರೆಗೂ ದ ಅಕ್ಷರದ ಆ ಕಾರ್ಡಿಗೆ ಒಂದು ಗೆರೆ ಬೀಳಲಿ ಎಂದು ಕಾದಳು. ಬೀಳಲಿಲ್ಲ.

ಎಣಿಕೆ ಮುಗಿದ ದಿನ ಕಾರ್ಡುಗಳನ್ನು ದಾರಕ್ಕೆ ಪೋಣಿಸಿ ಕಟ್ಟುವ ಮುಂಚೆ ಭಾಗಮ್ಮ ಪ್ರತಿಯೊಂದರ ಕೊನೆಗೆ ಒಂದೊಂದು ಗೆರೆ ಹೆಚ್ಚಿಗೆ ಎಳೆದಳು. ಅದರಲ್ಲಿ ಕಪಟ ಇರಲಿಲ್ಲ, ಯೋಚನೆಯೂ ಇರಲಿಲ್ಲ. ಅಳತೆ ಮುಗಿಯಿತು, ಕೊಸರು ಹಾಕಿದಳು, ಅಷ್ಟೆ. ಎಲ್ಲರಿಗೂ ಒಂದೇ ಸಮ ಹಾಕಿದ ಮೇಲೆ ಯಾರಿಗೂ ಮೋಸವಿಲ್ಲ. ಮಾಸ್ತರರ ಕಾರ್ಡು ಬಂದಾಗ ಮಾತ್ರ ಕೈ ಒಂದು ಗಳಿಗೆ ತಡೆಯಿತು. ಚೌಡಾಪುರದ ಕ್ರಾಸಿನಲ್ಲಿ ಮಾಸ್ತರರು ಶೇಂಗಾ ತೆಗೆದುಕೊಂಡರೆ ಅವಳು ಯಾವಾಗಲೂ ಎರಡು ಮುಷ್ಟಿ ಹಾಕುತ್ತಿದ್ದಳು. ಇಲ್ಲಿಯೂ ಎರಡು ಗೆರೆ ಎಳೆದಳು.

ಮರುವಾರ ಜೇವರ್ಗಿಯಲ್ಲಿ ನಾದಿನಿಯ ಮೊಮ್ಮಗನ ತೊಟ್ಟಿಲು ಕಾರ್ಯವಿತ್ತು. ಮುಗಿಸಿಕೊಂಡು ಮಾಸ್ತರರ ಮನೆಗೆ ಹೋದಳು. ರಿಟೈರಾದ ಮೇಲೆ ಅವರು ಹೆಂಡತಿ ಸುಭದ್ರಾಬಾಯಿಯೊಡನೆ ಅಲ್ಲಿಯೇ ಇದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಪೇಪರು ಓದುವುದು ನಿಂತಿತ್ತು. ಭಾಗಮ್ಮ ಯುನಿವರ್ಸಿಟಿಯ ಹುಡುಗಿಯ ಕೆಲಸದ ಬಗ್ಗೆ ಹೇಳಿದಳು, ಬಂಡಿಗಳ ಲೇಖನ ಸಿಕ್ಕಿದ್ದನ್ನು ಹೇಳಿದಳು. ತನ್ನದನ್ನು ಯಾರಾದರೂ ಹೆಸರಿಸಿದ್ದಾರೇನು ಎಂದು ಮಾಸ್ತರರು ಮೆಲ್ಲಗೆ ಕೇಳಿದರು. ಕೇಳಿದ ರೀತಿ ಹೇಗಿತ್ತೆಂದರೆ, ಅವಳ ಬಾಯಿಗೆ ಬೇರೆ ಉತ್ತರ ಬರಲಿಲ್ಲ.

“ನಿಮ್ಮ ಹೆಸರಿನ ಮುಂದ ಎರಡು ಗೆರಿ ಅದಾವ್ರಿ, ಸರ.”

ಇದ್ದದ್ದನ್ನೇ ಹೇಳಿದೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡಳು. ಆ ಗೆರೆ ಎಳೆದವರು ಯಾರು ಎಂದು ಮಾಸ್ತರರು ಕೇಳಿರಲಿಲ್ಲ.

ನವೆಂಬರಿನ ಕೊನೆಯ ಸೋಮವಾರ ಅಮೃತ ಎರಡೂ ಮೊತ್ತ ಕೂಡಿಸಲು ಕೂತಳು. ಅವಳ ವಹಿಯಲ್ಲಿ ಆರುನೂರಾ ಹನ್ನೊಂದು ಬಂತು. ಕಾರ್ಡುಗಳಲ್ಲಿ ಏಳುನೂರಾ ಐದು. ಮತ್ತೆ ಕೂಡಿಸಿದಳು, ಅಷ್ಟೇ. ಮುಖ ಸಣ್ಣದಾಯಿತು. ಮುಂದಿನ ಹದಿನೈದು ದಿನದಲ್ಲಿ ಟೈಪಿಗೆ ಕೊಡಬೇಕು, ತೊಂಬತ್ತನಾಲ್ಕು ಹೆಚ್ಚಿಗೆ ಬಂದರೆ ಯುನಿವರ್ಸಿಟಿಯ ಗೈಡು ಆ ಕಟ್ಟನ್ನು ಮುಟ್ಟುವುದೂ ಇಲ್ಲ. ಕಾರ್ಡಿನ ಕಟ್ಟನ್ನು ಬಿಚ್ಚಿ ಟೇಬಲ್ಲಿನ ತುಂಬ ಹರವಿಕೊಂಡು ಅವಳು ಗೋಳಾಡುವುದನ್ನು ನೋಡಿ, ಅದರಾಗ ಕೊಸರು ತೆಗದೀ ಇಲ್ಲೋ ಎಂದು ಭಾಗಮ್ಮ ಸಹಜವಾಗಿ ಕೇಳಿದಳು.

ಯಾವ ಕೊಸರು ಎಂದು ಅಮೃತ ತಲೆ ಎತ್ತಿದಳು. ಕಾರ್ಡಿಗೊಂದು ಹಾಕಿದ್ದನ್ನು ಭಾಗಮ್ಮ ಹೇಳಿದಳು. ಅಮೃತ ಅವಳ ಮುಖ ನೋಡಿದಳು, ನಗು ತಡೆಯಲಾರದೆ ಟೇಬಲ್ಲಿನ ಮೇಲೆ ತಲೆ ಇಟ್ಟುಬಿಟ್ಟಳು. ಲಾಡ್ಲೆಸಾಬರು ಎದ್ದು ಬಂದು ಏನೆಂದು ಕೇಳಿ ತಾವೂ ನಕ್ಕರು. ಯುನಿವರ್ಸಿಟಿಯವರಿಗೆ ಕೊಸರು ಹಾಕಿದವರು ಇಡೀ ಹೈದರಾಬಾದ ಸೀಮೆಯಲ್ಲಿ ಇವಳೊಬ್ಬಳೇ ಎಂದರು.

“ನಗಬ್ಯಾಡ್ರಿ, ಸಾಬ್ರ,” ಎಂದಳು ಭಾಗಮ್ಮ. “ಬರೇ ಅಳತಿ ಅಳದ ಕೊಡಾಕ ನನ್ನ ಕೈ ಒಪ್ಪಂಗಿಲ್ಲ.”

ಕಾರ್ಡಿಗೊಂದರಂತೆ ತೊಂಬತ್ತಮೂರನ್ನು ಮೊತ್ತದಿಂದ ಕಳೆದರು. ಆದರೂ ಒಂದು ಉಳಿಯಿತು. ವಹಿಯಲ್ಲಿ ಆರುನೂರಾ ಹನ್ನೊಂದು, ಕಾರ್ಡಿನಲ್ಲಿ ಆರುನೂರಾ ಹನ್ನೆರಡು. ಈ ಒಂದು ತನ್ನದೇ ತಪ್ಪು, ವಹಿಯಲ್ಲಿ ಎಲ್ಲೋ ಬಿಟ್ಟಿದ್ದೇನೆ ಎಂದಳು ಅಮೃತ. ಕಾರ್ಡಿನ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ. ಮೊದಲಿನಿಂದ ಎಲ್ಲ ಬರಹ ಮತ್ತೆ ನೋಡುತ್ತೇನೆ ಎಂದು, ಗುಲ್ಬರ್ಗಕ್ಕೆ ಹೋಗದೆ ಪರಿಚಯದವರ ಮನೆಯಲ್ಲಿ ಉಳಿದಳು. ಕೂಡಿಸುವ ನಡುವೆ ಕೋಷ್ಟಕ ಹೇಗಿರುತ್ತದೆ ಎಂದೂ ತೋರಿಸಿದಳು. ಒಂದಾದರೂ ಗೆರೆ ಇದ್ದವರ ಹೆಸರು ಒಂದರ ಕೆಳಗೊಂದು ಬರುತ್ತವೆ. ಗೆರೆ ಇಲ್ಲದವರಿಗೆ ಹೆಸರಿಲ್ಲ. ಎಲ್ಲರನ್ನೂ ಕೂಡಿಸಿ ಕೊನೆಗೆ ಒಂದು ಸಾಲು, ‘ಯಾರೂ ಆಧರಿಸದವರು’ ಎಂದು. ಈಗಿನ ಲೆಕ್ಕಕ್ಕೆ ಮೂವತ್ತೇಳು ಮಂದಿ.

ಆ ಉಳಿದ ಒಂದು ಗೆರೆ ಎಲ್ಲಿದೆ ಎಂದು ಭಾಗಮ್ಮನಿಗೆ ಗೊತ್ತಿತ್ತು. ಅದೊಂದು ಉಳಿದರೆ ಮಾಸ್ತರರ ಹೆಸರು ಕೋಷ್ಟಕದಲ್ಲಿ ಉಳಿಯುತ್ತದೆ. ಹೋದರೆ ಅವರು ಮೂವತ್ತೆಂಟನೆಯವರಾಗಿ ಆ ಸಾಲಿಗೆ ಬೀಳುತ್ತಾರೆ. ಜೇವರ್ಗಿಯಲ್ಲಿ ತಾನು ಹೇಳಿ ಬಂದದ್ದು ಸುಳ್ಳಾಗುತ್ತದೆ. ಆರುನೂರರಲ್ಲಿ ಒಂದು ಯಾವ ಮಹಾ ಎಂದುಕೊಂಡಳು. ಹುಡುಗಿ ನಾಳೆ ಬೇಸತ್ತು ತನ್ನ ವಹಿಯಲ್ಲೇ ಒಂದು ಹೆಚ್ಚು ಮಾಡಿಕೊಂಡು ಹೋದಾಳು ಎಂದುಕೊಂಡಳು. ಸುಮ್ಮನಾದಳು.

ಹುಡುಗಿ ಬೇಸರಲಿಲ್ಲ. ಮಂಗಳವಾರ, ಬುಧವಾರ ಕಿಟಕಿಯ ಪಕ್ಕ ಕೂತು ಸೀಸಕಡ್ಡಿಯ ತುದಿಯಿಂದ ಸಾಲು ಸಾಲು ತಡವುತ್ತ ಹೋದಳು. ಸಣ್ಣ ಅಕ್ಷರ, ಮಾಸಿದ ಅಚ್ಚು. ಕಣ್ಣು ಕೆಂಪಾದವು, ನೀರು ಸುರಿಯತೊಡಗಿತು. ಒಂದು ಬರಹ ಮುಗಿದಾಗೊಮ್ಮೆ ಸೆರಗಿನಿಂದ ಒರೆಸಿಕೊಂಡು ಮುಂದಿನದನ್ನು ತೆಗೆದುಕೊಳ್ಳುವಳು. ಭಾಗಮ್ಮ ಅವಳ ಮುಂದೆ ಚಹಾ ಇಟ್ಟಳು, ಕುಡಿಯಲಿಲ್ಲ. ಬುತ್ತಿಯ ರೊಟ್ಟಿ ಮುರಿದು ಕೊಟ್ಟಳು, ಒಂದು ತುತ್ತು ತಿಂದು ಬಿಟ್ಟಳು. ಸರಿಯಾದದ್ದನ್ನೇ ತಪ್ಪು ಎಂದುಕೊಂಡು ಒಬ್ಬಳು ಹೀಗೆ ಹುಡುಕುವುದನ್ನು ನೋಡುತ್ತ ಕಸ ಹೊಡೆಯುವುದು ಭಾಗಮ್ಮನಿಂದ ಆಗಲಿಲ್ಲ. ಗುರುವಾರ ಬೆಳಿಗ್ಗೆ ಬಾಗಿಲು ತೆಗೆದವಳೇ ದ ಅಕ್ಷರದ ಕಾರ್ಡು ತೆಗೆದುಕೊಂಡು ಬಂದು ಅವಳ ವಹಿಯ ಮೇಲೆ ಇಟ್ಟಳು.

“ಎಣಿಸೂದು ಬಿಡು ಯವ್ವಾ. ನೀ ಹುಡುಕೂ ಗೆರಿ ಇದರಾಗ ಅದ. ಇವರಿಗಿ ನಾ ಎರಡು ಹಾಕೀನಿ.”

ಅಮೃತ ಕಾರ್ಡು ನೋಡಿದಳು.

“ಯಾವಾಗಿಂದ ಗೊತ್ತಿತ್ತು ನಿನಗ?”

“ಸೋಮವಾರದಿಂದ.”

“ಮೂರು ದಿನ ನಾ ಕಣ್ಣು ಕಳಕೊಳ್ಳಾಕತ್ತೇನಿ, ಆಯಿ.”

“ಹೌದು. ನೋಡ್ಕೋತ ಇದ್ದೆ.”

ಅಮೃತ ಎದ್ದು ಹೊರಗೆ ಹೋದಳು. ಬಸ್ ಸ್ಟ್ಯಾಂಡಿನವರೆಗೆ ಹೋಗಿಯೇ ಬಿಟ್ಟಳೇನೋ ಎಂದು ಭಾಗಮ್ಮ ಬಾಗಿಲಲ್ಲಿ ನಿಂತಳು. ಅರ್ಧ ತಾಸಿಗೆ ಹುಡುಗಿ ಮುಖ ತೊಳೆದುಕೊಂಡು ತಿರುಗಿ ಬಂದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಒಂದು ಗೆರೆಗಾಗಿ ಇಷ್ಟೇಕೆ ಎಂದು ಕೇಳಿದಳು. ಭಾಗಮ್ಮ ರಾತ್ರಿ ಸಾಲೆಯಿಂದ ಹಿಡಿದು ಜೇವರ್ಗಿಯವರೆಗೂ ಒಂದನ್ನೂ ಬಿಡದೆ ಹೇಳಿದಳು. ಕೇಳುತ್ತ ಕೇಳುತ್ತ ಅಮೃತಳ ದನಿ ಮೆತ್ತಗಾಯಿತು. ನನ್ನ ಪ್ರಬಂಧದ ಕೊನೆಗೆ ಅನುಬಂಧ ಎಂದು ಇರುತ್ತದೆ, ಅದರಲ್ಲಿ ತೊಂಬತ್ತಮೂರು ಮಂದಿಯ ಹೆಸರೂ ಬರಹದ ಹೆಸರೂ ಬಂದೇ ಬರುತ್ತವೆ, ಮಾಸ್ತರರದೂ ಬರುತ್ತದೆ, ಇದನ್ನು ಮೊದಲೇ ಕೇಳಿದ್ದರೆ ಹೇಳುತ್ತಿದ್ದೆನಲ್ಲ ಎಂದಳು.

ಭಾಗಮ್ಮ ತಲೆ ಅಲ್ಲಾಡಿಸಿದಳು.

“ಹೆಸರು ಬರ್ತದ ಅಂತಷ್ಟೇ ಹೇಳಿದ್ರ ಮಾತು ಬ್ಯಾರೆ ಇತ್ತು. ನಿಮ್ಮ ಮಾತು ಇಬ್ಬರು ನೆಚ್ಚಿಕೊಂಡಾರ ಅನ್ನೂಹಂಗ ಹೇಳಿ ಬಂದೀನಿ. ಅದನ್ನ ನಾನ ಹೋಗಿ ತಿರುಗಿ ತಗೊಂಡ ಬರಬೇಕು.”

ಅಲ್ಲಿಯೇ ಕೂತು ಕಾರ್ಡಿನ ಎರಡೂ ಗೆರೆಗಳನ್ನು ರಬ್ಬರಿನಿಂದ ತಿಕ್ಕಿ ಅಳಿಸಿದಳು. ಅವಳ ಗೆರೆ ಒತ್ತಿ ಎಳೆದದ್ದು, ಪೂರಾ ಹೋಗಲಿಲ್ಲ. ವಾರದ ಕೊನೆಗೆ ಬಂಡಿಗಳ ಲೇಖನವನ್ನು, ಕೆಟ್ಟುಹೋದ ಕಾರ್ಡುಗಳ ಹಿಂಬದಿಗೆ ಪೂರ್ತಿ ನಕಲು ಮಾಡಿಕೊಂಡಳು. ಬರಿಗೈಯಲ್ಲಿ ಹೋಗಲು ಮನಸ್ಸು ಬರಲಿಲ್ಲ.

ಭಾನುವಾರ ಜೇವರ್ಗಿಯಲ್ಲಿ ಅವಳು ಹೊಸ್ತಿಲು ದಾಟುವ ಮುಂಚೆಯೇ ಸುಭದ್ರಾಬಾಯಿ ಹಿಡಿದುಕೊಂಡಳು. ಹೋದ ಸಲ ನೀನು ಏನು ಹೇಳಿ ಹೋದೆಯೋ ಮಾರಾಯ್ತಿ, ಅವತ್ತಿನಿಂದ ಇವರ ಕಾಲು ನೆಲಕ್ಕೆ ಹತ್ತುತ್ತಿಲ್ಲ ಎಂದಳು. ಹಜಾಮನಿಗೆ ಹೇಳಿದ್ದಾರೆ, ಹಾಲಿನವನಿಗೆ ಹೇಳಿದ್ದಾರೆ, ಯುನಿವರ್ಸಿಟಿಯವರು ಮನೆಗೆ ಬಂದರೆ ಬೇಕೆಂದು ಕರಿ ಕೋಟು ತೆಗೆಸಿ ಬಿಸಿಲಿಗೆ ಹಾಕಿಸಿದ್ದಾರೆ.

“ಎರಡು ಮಂದಿ ನೆಚ್ಚಿದ್ದಕ್ಕ ಇಷ್ಟು ಸೊಕ್ಕು ನೋಡು. ನಾ ನಲವತ್ತೆರಡು ವರ್ಷ ಇವರನ್ನ ನೆಚ್ಚಿಕೊಂಡು ಕುಂತೀನಿ, ಅದು ಯಾವ ಕಾರ್ಡಿನ್ಯಾಗೂ ಇಲ್ಲ.”

ಮಾಸ್ತರರು ಕಟ್ಟೆಯ ಮೇಲಿಂದ ನಕ್ಕರು. ಆ ನಗುವಿನ ಎದುರಿಗೆ ಹೇಳುವುದು ಕಷ್ಟವಾಯಿತು. ಭಾಗಮ್ಮ ನೀರು ಕುಡಿದಳು, ತಂಬಿಗೆ ಕೆಳಗಿಟ್ಟಳು, ಮಾಸ್ತರರ ಕಾಲ ಹತ್ತಿರ ನೆಲದ ಮೇಲೆ ಕೂತಳು. ಆ ಎರಡು ಗೆರೆ ತನ್ನವು, ಬೇರೆ ಯಾರೂ ನಿಮ್ಮ ಹೆಸರು ಹೇಳಿಲ್ಲ ಎಂದು, ತಡವರಿಸದೆ, ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಹೇಳಿದ ಮೇಲೆ ಮುಖ ಎತ್ತಲಿಲ್ಲ.

ಸುಭದ್ರಾಬಾಯಿ ಒಳಗೆ ಹೋದಳು. ಮಾಸ್ತರರು ಅಂಗಳದ ಕಡೆ ಮುಖ ತಿರುಗಿಸಿದರು. ಹಗ್ಗದ ಮೇಲಿನ ಕೋಟು ಗಾಳಿಗೆ ತೂಗಾಡುವುದನ್ನು ಅವರ ಪೊರೆ ಬಂದ ಕಣ್ಣು ನೋಡುತ್ತಿತ್ತೋ ಇಲ್ಲವೋ. ಆಮೇಲೆ, ತನ್ನ ಹಾಗೆ ಸೊನ್ನೆ ಬಂದವರು ಎಷ್ಟು ಮಂದಿ ಎಂದು ಕೇಳಿದರು. ಮೂವತ್ತೆಂಟು ಎಂದಳು. ಅವರೆಲ್ಲ ಏನು ಬರೆದಿದ್ದಾರೆ ಎಂದರು. ಭಾಗಮ್ಮ ಪ್ಯಾರಿಬಿ ಟೀಚರಳ ಬುತ್ತಿಯ ಬಗ್ಗೆ ಹೇಳಿದಳು. ಭೀಮಾ ಹೊಳೆ ತುಂಬಿದಾಗ ಹರಿಗೋಲಿನಲ್ಲಿ ಯಾತ್ರಿಕರನ್ನು ದಾಟಿಸುವುದನ್ನು ಬರೆದ ಕುಲಕರ್ಣಿಯ ಬಗ್ಗೆ, ಸರಸಂಬಾದ ಒಬ್ಬ ಒಕ್ಕಲಿಗ ತನ್ನ ಹೊಲದ ಬದುವಿನಲ್ಲಿ ತಂಗುವ ಪರಸ್ಥಳದವರ ಬಗ್ಗೆ ಬರೆದದ್ದನ್ನು ಹೇಳಿದಳು. ಮಾಸ್ತರರು ಕಿವಿಗೊಟ್ಟು ಕೇಳಿದರು. ಅಷ್ಟನ್ನೂ ನೀನು ಓದಿದ್ದೀಯೇನು ಎಂದರು. ಓದದೆ ಕಾರ್ಡು ಹೇಗೆ ಮಾಡುವುದು ಎಂದಳು ಅವಳು.

“ನಂದು ಓದು ಹಂಗಾದ್ರ. ಹದಿನೈದು ವರ್ಷಾಯ್ತು, ಏನು ಬರದೀನಿ ಅಂತ ನನಗ ನೆನಪಿಲ್ಲ.”

ಭಾಗಮ್ಮ ತಂದ ಕಾರ್ಡುಗಳನ್ನು ತೆಗೆದು ಓದತೊಡಗಿದಳು. ರಾತ್ರಿ ಸಾಲೆಯಲ್ಲಿ ಕಲಿತ ಓದು, ನಿಧಾನ, ಒಂದು ಶಬ್ದವೂ ಜಾರುತ್ತಿರಲಿಲ್ಲ. ಬೆಳಗಿನ ಜಾವಕ್ಕೆ ದೂರದಿಂದ ಕೇಳುವ ಗಂಟೆಸರ, ಎತ್ತಿನ ಕೋಡಿಗೆ ಕಟ್ಟಿದ ಬಣ್ಣದ ಗೊಂಡೆ, ಬಂಡಿಯಲ್ಲಿ ಮಲಗಿದ ಮುದುಕಿಯರು, ಗಾಲಿಯ ಕೀಲೆಣ್ಣೆಯ ವಾಸನೆ. ಸುಭದ್ರಾಬಾಯಿಯೂ ಹೊರಗೆ ಬಂದು ಕಂಬಕ್ಕೆ ಒರಗಿದಳು. “ದಿನವೂ ಇನ್ನೂರಾ ನಲವತ್ತು ಬಂಡಿಗಳು ಈ ದಾರಿಯಲ್ಲಿ ಹಾದುಹೋಗುತ್ತವೆ” ಎನ್ನುವಲ್ಲಿ ಮಾಸ್ತರರು ಕೈ ಎತ್ತಿ ನಿಲ್ಲಿಸಿದರು.

“ಏನಂದಿ? ದಿನಾಲೂ ಅಂತ ಬರದೀನಾ?”

“ಹೌದ್ರಿ. ದಿನವೂ ಅಂತ ಅದ.”

“ಇನ್ನೊಮ್ಮೆ ಓದು ಬೇ.”

ಓದಿದಳು. ಮಾಸ್ತರರ ಭುಜ ಅಲುಗಿದವು. ಅಳುತ್ತಿದ್ದಾರೇನೋ ಎಂದು ಭಾಗಮ್ಮ ಗಾಬರಿಯಾದಳು. ಅವರು ನಗುತ್ತಿದ್ದರು. ಆ ಎಣಿಕೆ ಮಾಡಿದ್ದು ಒಂದೇ ಒಂದು ದಿನವಂತೆ, ಅದೂ ದತ್ತ ಜಯಂತಿಯ ಹುಣ್ಣಿಮೆ. ಮಧ್ಯಾಹ್ನದವರೆಗೆ ಶಾಲೆಯ ಕಟ್ಟೆಯ ಮೇಲೆ ಕೂತು ನೂರಾ ಇಪ್ಪತ್ತು ಎಣಿಸಿದರಂತೆ, ಬಿಸಿಲು ಏರಿತು, ಊಟಕ್ಕೆ ಎದ್ದರು, ಉಳಿದ ಅರ್ಧ ದಿನಕ್ಕೂ ಅಷ್ಟೇ ಇರಬಹುದೆಂದು ಎರಡು ಪಟ್ಟು ಮಾಡಿದರು. ಬರೆಯುವಾಗ ಹುಣ್ಣಿಮೆಯ ಮಾತು ಮರೆತುಹೋಯಿತು. ಬೇರೆ ದಿನ ಆ ದಾರಿಯಲ್ಲಿ ಹತ್ತು ಬಂಡಿ ಹಾದರೆ ಹೆಚ್ಚು.

“ಯಾರರೆ ಇದನ್ನ ನಂಬಿದ್ರ ಏನಾಗತಿತ್ತು ಹೇಳು. ಸರಕಾರದವ್ರು ಚೌಡಾಪುರದಾಗ ಒಂದು ಧರ್ಮಶಾಲಾ, ಎತ್ತಿನ ಮೇವಿಗಿ ಎರಡು ನೂರು ಗೋದಲಿ ಕಟ್ಟತಿದ್ರು. ಅದರಾಗ ಊರ ಕತ್ತೆಗೋಳು ಮಲಗತಿದ್ದವು. ಯಾರೂ ನನ್ನ ಹೆಸರು ತಗೀಲಿಲ್ಲ, ಭಾಳ ಛಲೋ ಆತು.”

ಸುಭದ್ರಾಬಾಯಿ ಸೆರಗು ಬಾಯಿಗೆ ಹಚ್ಚಿ ನಕ್ಕಳು. ಊಟಕ್ಕೆ ಎದ್ದದ್ದು ಇವರ ಎಲ್ಲ ಲೆಕ್ಕದಲ್ಲಿಯೂ ಇರುತ್ತದೆ ಎಂದಳು. ಭಾಗಮ್ಮನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹಾಗಾದರೆ ಬರೆದದ್ದು ಪೂರಾ ಗಲತ್ತೇನು ಎಂದು ಕೇಳಿದಳು. ಗಂಟೆಸರ ಖರೆ, ಗೊಂಡೆ ಖರೆ, ಮುದುಕಿಯರು ಖರೆ, ದಿನವೂ ಎನ್ನುವುದೊಂದು ಸುಳ್ಳು ಎಂದರು ಮಾಸ್ತರರು. ಅದನ್ನು ಹಾಗೆಯೇ ಬಿಡಬಾರದು, ಬರೆದುಕೋ ಎಂದರು. ಭಾಗಮ್ಮ ಉಳಿದಿದ್ದ ಒಂದು ಕಾರ್ಡು ಮೊಣಕಾಲ ಮೇಲಿಟ್ಟುಕೊಂಡಳು. ಅವರು ಸಾಲೆಯಲ್ಲಿ ಶುದ್ಧಬರಹ ಹೇಳಿದಂತೆಯೇ ಬಿಡಿಸಿ ಬಿಡಿಸಿ ಹೇಳಿದರು. ಇಂಥ ವರ್ಷದ ಇಂಥ ಪತ್ರಿಕೆಯಲ್ಲಿ ನಾನು ಬರೆದ ಲೇಖನದಲ್ಲಿ ಬಂಡಿಗಳ ಸಂಖ್ಯೆ ಹುಣ್ಣಿಮೆಯ ಒಂದು ದಿನದ್ದು, ಅದರಲ್ಲಿಯೂ ಅರ್ಧ ಅಂದಾಜಿನದು, ಓದಿದವರು ಹಾಗೆ ತಿಳಿದುಕೊಳ್ಳಬೇಕು. ಕೆಳಗೆ ತಡವಿ ತಡವಿ ಸಹಿ ಹಾಕಿದರು. ಸುಭದ್ರಾಬಾಯಿ ಕೋಟು ಹಗ್ಗದಿಂದ ತೆಗೆದು ಮಡಿಚಲು ಹೋದರೆ ಇರಲಿ ಬಿಡು, ಬಿಸಿಲು ಬಿದ್ದಷ್ಟೂ ಒಳ್ಳೆಯದು ಎಂದರು. ಊಟ ಮಾಡದೆ ಭಾಗಮ್ಮನನ್ನು ಏಳಲು ಬಿಡಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಹಸಿ ಎಣ್ಣೆ. ಸಂಜೆಯ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ, ಎಷ್ಟೋ ದಿನದ ಮೇಲೆ ನಿಶ್ಚಿಂತೆಯಿಂದ ನಿದ್ದೆ ಹೋದಳು.

ಸೋಮವಾರ ಲಾಡ್ಲೆಸಾಬರು ಮಾಸ್ತರರ ಸಹಿಯ ಆ ಚೀಟಿಯನ್ನು ಎರಡು ಸಲ ಓದಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ತಾನು ಬರೆದದ್ದು ತಪ್ಪು ಎಂದು ಬರೆದು ಕಳಿಸಿದ ಮನುಷ್ಯನನ್ನು ಇದೇ ಮೊದಲು ಕಂಡದ್ದು ಎಂದರು. ಬೈಂಡು ಮಾಡಿದ ಪತ್ರಿಕೆಯ ಸಂಪುಟ ತೆಗೆಸಿ, ಚೀಟಿಯ ಒಂದು ಪ್ರತಿಯನ್ನು ತಾವೇ ಗೋಂದು ಹಚ್ಚಿ ಆ ಲೇಖನದ ಬದಿಗೆ ಅಂಟಿಸಿ, ದಿನಾಂಕ ಹಾಕಿ ಲೈಬ್ರರಿಯ ಶಿಕ್ಕಾ ಒತ್ತಿದರು.

ಅಮೃತ ಕೊನೆಯ ಸಲಕ್ಕೆಂದು ಬಂದವಳು ಎರಡೂ ಮೊತ್ತ ತಂದು ತೋರಿಸಿದಳು. ಆರುನೂರಾ ಹನ್ನೊಂದು, ಆರುನೂರಾ ಹನ್ನೊಂದು. ಕಣ್ಣಿನ ಕೆಂಪು ಇಳಿದಿತ್ತು. ಭಾಗಮ್ಮ ಅವಳಿಗೆ ಹೊಸದೊಂದು ಕಾರ್ಡು ಕೊಟ್ಟಳು. ಬರೆದವರು ದೌಲತರಾಯ, ಇಸವಿ ತೊಂಬತ್ತೊಂದು, ನೆಚ್ಚಿಕೊಂಡ ಬರಹ: ದೌಲತರಾಯ, ಎಪ್ಪತ್ತಾರು. ಈ ಚೀಟಿಯೂ ಒಂದು ಬರಹವೇ ಅಲ್ಲವೇ, ಅದರಲ್ಲಿ ಮಾಸ್ತರರ ಹೆಸರು ಬಂದಿದೆಯಲ್ಲವೇ ಎಂದಳು.

ಅಮೃತ ಕಾರ್ಡು ಹಿಂದೆ ಮುಂದೆ ಮಾಡಿ ನೋಡಿದಳು.

“ತನ್ನ ಹೆಸರು ತಾನ ಹೇಳ್ಕೊಂಡದ್ದನ್ನ ಗ್ರಂಥಮಿತಿಯೊಳಗ ಬ್ಯಾರೆ ಎಣಿಸ್ತಾರ, ಆಯಿ. ಉಳದವರ ಜೋಡಿ ಕೂಡಸಂಗಿಲ್ಲ. ಅದೂ ಅಲ್ದ ನಂದು ತೊಂಬತ್ತಕ್ಕ ಮುಗೀತು. ಇದು ತೊಂಬತ್ತೊಂದರದು.”

“ಬ್ಯಾರೆ ಆದ್ರೂ ಎಣಿಸ್ತಾರ ಹೌದಿಲ್ಲೋ?”

“ಎಣಿಸ್ತಾರ.”

“ಸಾಕು. ಮುಂದಿನವ್ರು ಯಾರರೆ ಬಂದಾಗ ಎಣಿಸ್ಲಿ. ಇಲ್ಲೇ ಇರ್ತದ.”

ಅಮೃತ ಕಾರ್ಡಿನ ಮೂಲೆಗೆ, ಮುಂದಿನವರಿಗೆ ತಿಳಿಯಲೆಂದು, ‘ಸ್ವಂತ ಉಲ್ಲೇಖ’ ಎಂದು ಸಣ್ಣಗೆ ಬರೆದು ತಿರುಗಿ ಕೊಟ್ಟಳು. ಕಟ್ಟು ಚೀಲಕ್ಕೆ ಹಾಕಿಕೊಂಡು, ಭಾಗಮ್ಮನ ಕಾಲು ಮುಟ್ಟಿ, ಎರಡೂವರೆಯ ಬಸ್ಸಿಗೆ ಓಡಿದಳು. ಕಾರ್ಡಿನ ಪೆಟ್ಟಿಗೆಯ ಕೆಳಗಿನ ಖಾನೆ ಖಾಲಿ ಇತ್ತು. ಭಾಗಮ್ಮ ಅದರ ದೂಳು ಒರೆಸಿ, ಆ ಒಂದು ಕಾರ್ಡನ್ನು ಮುಂದುಗಡೆಗೆ ನೆಟ್ಟಗೆ ನಿಲ್ಲಿಸಿ, ಬೀಳದ ಹಾಗೆ ಹಿಂದೆ ಒಂದು ದಪ್ಪ ರಟ್ಟು ಆನಿಸಿದಳು. ಓದುವ ಟೇಬಲ್ಲಿನ ಮೇಲೆ ಯಾರೋ ಬಿಟ್ಟುಹೋದ ಮೂರು ಪುಸ್ತಕ ಇದ್ದವು. ಮೇಲಿನದನ್ನು ಕೈಗೆತ್ತಿಕೊಂಡು, ಕಿಟಕಿಯ ಬೆಳಕಿಗೆ ಹೋಗಿ ಬಿಚ್ಚಿದಳು.